ಹೊಲದ ಪಾಲು

ಅವರು ತೀರಿಕೊಂಡ ಮರುದಿನ ನಮ್ಮೂರಿನ ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿದರು. ‘ಸರಳ ಸಜ್ಜನರು, ಮೃದುಭಾಷಿಗಳು, ಪ್ರಾಣಿಪ್ರಿಯರು’ ಎಂದು ಬರೆಸಿದ್ದರು. ಕಂಪನಿ ಬಸ್ಸಿಗೆ ಕಾಯುತ್ತಾ ನಾನು ಅದನ್ನು ಎರಡು ಸಲ ಓದಿದೆ. ಸರಳ ಎನ್ನುವ ಮಾತು ಹಾಗಿರಲಿ, ಆ ಮನುಷ್ಯನ ಜೊತೆ ಒಂದು ಲೋಟ ಕಾಫಿ ಕುಡಿದು ಏಳುವಷ್ಟರಲ್ಲಿ ಯಾವುದಾದರೂ ವಿಷಯಕ್ಕೆ ಜಗಳ ಆಗಿರುತ್ತಿತ್ತು. ಮೃದುಭಾಷಿ ಎಂದು ಬರೆಸಿದವರು ಅವರು ಹೆಂಡತಿಯನ್ನು ಕೂಗಿ ಕರೆಯುವುದನ್ನು ಕೇಳಿಲ್ಲ. ಆ ಕೂಗಿಗೆ ನಮ್ಮ ಮನೆಯ ಕೋಳಿಗಳೂ ಬೆಚ್ಚುತ್ತಿದ್ದವು. ಇನ್ನು ಪ್ರಾಣಿಗಳ ಮೇಲಿನ ಪ್ರೀತಿ. ಅದು ಇತ್ತು, ಧನಿಯ, ಮೆಣಸು, ಬೆಳ್ಳುಳ್ಳಿ ಅರೆದು ಹಾಕಿದ ಮೇಲೆ.

ಫ್ಲೆಕ್ಸ್‌ನ ಕೆಳಗಡೆ ದುಃಖಿಸುವವರ ಫೋಟೊಗಳನ್ನು ಸಾಲಾಗಿ ಹಾಕಿದ್ದರು. ಮೊದಲನೆಯದು ನಮ್ಮಪ್ಪನದು. ಬಿಳಿ ಅಂಗಿ, ಹಣೆಗೆ ಕುಂಕುಮ, ಕೈ ಮುಗಿದಿರುವ ಭಂಗಿ. ಅದನ್ನು ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರನ್ನು ನಾನು ಮಾವ ಎನ್ನುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ. ಎದುರು ಮನೆಯ ಹಿರಿಯ ಗಂಡಸು ಮಾವ, ಆತನ ಹೆಂಡತಿ ಅತ್ತೆ, ಅಷ್ಟೇ ಲೆಕ್ಕ. ನಮ್ಮೂರು ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಿದೆ. ಒಂದು ಕಡೆ ಶೆಡ್ಡುಗಳು, ಚಿಮಣಿಗಳು, ಶಿಫ್ಟಿನ ಬಸ್ಸುಗಳು. ಇನ್ನೊಂದು ಕಡೆ ಉಳಿದಷ್ಟು ರಾಗಿ ಹೊಲ, ಅದರಾಚೆ ಸರ್ಕಾರಿ ಜಾಲಿ ಬೆಳೆದ ಒಣ ಹಳ್ಳ, ಹಳ್ಳ ಹಿಡಿದು ಹೋದರೆ ಜಿಗಣಿಯ ಆಚೆಗಿನ ಕಾಡು. ರಾಗಿ ತೆನೆ ಕಟ್ಟುವ ಕಾಲಕ್ಕೆ ಹಂದಿಗಳು ಆ ಹಳ್ಳದ ಗುಂಟ ಇಳಿದು ಬರುತ್ತಿದ್ದವು. ಮಾವ ವಾರವೆಲ್ಲ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ಸಿನ ಮುಂದೆ ನಿಂತು ಕಾರಿನ ಬಿಡಿಭಾಗ ಒತ್ತುತ್ತಿದ್ದರು. ಭಾನುವಾರ ಹಂದಿಗೆ ಹೋಗುತ್ತಿದ್ದರು. ಹಂದಿ ಸಿಗದಿದ್ದರೆ ಮೊಲ, ಮೊಲವೂ ಇಲ್ಲದಿದ್ದರೆ ಜಾಲಿ ಪೊದೆಯ ಕೌಜುಗ ಹಕ್ಕಿ. ಬರಿಗೈಯಲ್ಲಿ ಬಂದ ದಿನ ಮಾತ್ರ ಎದುರು ಮನೆಯ ನಾವು ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದೆವು, ಸಿಕ್ಕಿದವರಿಗೆ ಬೈಗುಳ ಇರುತ್ತಿತ್ತು.

ಬೇಟೆ ಸರಿ ಎಂದು ನಾನು ವಾದಿಸಲು ಕೂತಿಲ್ಲ. ಬಲೆಗೆ ಬಿದ್ದ ಹಂದಿ ಕೂಗುವುದನ್ನು ಒಮ್ಮೆ ಹತ್ತಿರದಿಂದ ಕೇಳಿದ್ದೇನೆ, ಆ ದಿನ ನನಗೆ ಮುದ್ದೆ ಇಳಿಯಲಿಲ್ಲ. ಕಾನೂನು ಬೇಡ ಎಂದಿದ್ದರೆ ಅದಕ್ಕೆ ಕಾರಣ ಇದೆ. ಮಾವನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತಿದ್ದರು. “ಅದು ನನ್ ರಾಗಿ ತಿನ್ನಕ್ಕೆ ಯಾರ್ ಪರ್ಮಿಶನ್ ತಕ್ಕಂತು?” ಎನ್ನುತ್ತಿದ್ದರು. ಅವರ ರಾಗಿ ಹೊಲ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು ಎಂದು ನೆನಪಿಸಿದರೆ, “ನನ್ದು ಓಯ್ತು. ಊರ್ದು ಐತಲ್ಲ” ಎಂದು ಮುಖ ತಿರುಗಿಸುತ್ತಿದ್ದರು.

ಬೇಟೆಗಿಂತ ಅವರಿಗೆ ಪಾಲು ಹಾಕುವುದರ ಮೇಲೆ ಹೆಚ್ಚು ಆಸೆ ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು. ಹಂದಿಯನ್ನು ನಮ್ಮ ಮನೆಗಳ ಹಿಂದಿನ ಹೊಂಗೆ ಮರದ ಕೆಳಕ್ಕೆ ಹೊತ್ತು ತರುತ್ತಿದ್ದರು. ಒಣ ತೆಂಗಿನ ಗರಿಯ ಬೆಂಕಿಯಲ್ಲಿ ತುಪ್ಪಳ ಸುಟ್ಟು, ಕೆರೆದು, ಅರಿಶಿನ ಬಳಿದು ತೊಳೆಯುತ್ತಿದ್ದರು. ಆಮೇಲೆ ಮಚ್ಚು ಮಾವನ ಕೈಗೆ. ತೊಗಲು, ನೆಣ, ಎಲುಬು, ಮೆತ್ತನೆಯದು ಎಲ್ಲವೂ ಎಲ್ಲ ಗುಡ್ಡೆಗೂ ಬರಬೇಕು. ಬಾಳೆ ಎಲೆ ಹಾಸಿ ಗುಡ್ಡೆ ಹಾಕಿ, ಒಂದರಿಂದ ಒಂದು ಚೂರು ತೆಗೆದು ಇನ್ನೊಂದಕ್ಕೆ ಸೇರಿಸಿ, ದೂರ ಹೋಗಿ ನಿಂತು ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಬಂದು ಸರಿಮಾಡಿ, ಕಾಯುವವರಿಗೆ ಸಾಕುಸಾಕಾಗುತ್ತಿತ್ತು. ಎಲ್ಲ ಆದ ಮೇಲೆ ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಇನ್ನೊಬ್ಬರು ಕಡ್ಡಿಯಿಂದ ಒಂದು ಗುಡ್ಡೆ ತೋರಿಸಿ “ಇದ್ಯಾರ್ದು?” ಎಂದು ಕೇಳಬೇಕು, ಅವರು ತಿರುಗಿ ನೋಡದೆ ಒಂದು ಮನೆಯ ಹೆಸರು ಕೂಗಬೇಕು. ಹೀಗಾಗಿ ಯಾರೂ ಯಾರಿಗೂ ಮೋಸವಾಯಿತು ಎನ್ನುವ ಹಾಗಿರಲಿಲ್ಲ. ಹೊಡೆದವನಿಗೆ ತಲೆ. ಬಲೆಗೊಂದು ಪಾಲು, ನಾಯಿಗಳಿಗೊಂದು ಪಾಲು. ಬಸುರಿ ಇರುವ ಮನೆಗೆ ಕೇಳದೆಯೇ ಒಂದು ಪಾಲು. ಹಂದಿ ಯಾರ ಹೊಲದಲ್ಲಿ ಬಿತ್ತೋ ಅವರಿಗೆ ಒಂದು ಹಿಂಗಾಲು, ಅದು ಹೊಲದ ಪಾಲು. ಹೊಲದವನು ಬೇಟೆಗೆ ಬಂದಿರಲಿ ಬಿಡಲಿ, ಮಾವನ ಜೊತೆ ಮಾತು ಬಿಟ್ಟಿರಲಿ, ಹಿಂಗಾಲು ಅವನ ಮನೆಗೆ ಹೋಗಿ ತಲುಪಲೇಬೇಕು.

ಇಷ್ಟು ನ್ಯಾಯವಂತ ಮನುಷ್ಯ ಎಂದು ನೀವು ಕೈ ಮುಗಿಯುವ ಮೊದಲು ಇನ್ನೊಂದು ಮಾತು. ಕಾಲೊನಿಯ ಮುನಿಯಪ್ಪ ಬಲೆ ಹೊರುತ್ತಿದ್ದ, ಪೊದೆ ಬಡಿದು ಹಂದಿ ಎಬ್ಬಿಸುತ್ತಿದ್ದ, ಒಮ್ಮೆ ಕೋರೆಯಲ್ಲಿ ತೊಡೆ ಸಿಗಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಅವನ ಪಾಲು ಇರುತ್ತಿತ್ತು, ಕಡಿಮೆಯೇನೂ ಇರುತ್ತಿರಲಿಲ್ಲ. ಆದರೆ ಆಚೆ ತುದಿಯಲ್ಲಿ ಬೇರೆ ಎಲೆಯ ಮೇಲೆ ಇರುತ್ತಿತ್ತು. ಬೆನ್ನು ತಿರುಗಿಸಿ ಹೆಸರು ಕೂಗುವ ಆಟದಲ್ಲಿ ಅವನ ಹೆಸರು ಬರುತ್ತಿರಲಿಲ್ಲ. ಗಂಡಸರು ಹೊಂಗೆ ಮರದ ಕೆಳಗೆ ಕೂತು ಮೊದಲ ಹುರಿದ ತುಂಡು ಬಾಯಿಗೆ ಹಾಕಿಕೊಳ್ಳುವಾಗ ಮುನಿಯಪ್ಪ ತನ್ನ ಎಲೆ ಮಡಚಿಕೊಂಡು ಹೊರಟಿರುತ್ತಿದ್ದ. ಇದನ್ನು ನಾನು ಒಮ್ಮೆ ಕೇಳಿದಾಗ ಮಾವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಓದ್ಸಿದ್ದು ಜಾಸ್ತಿ ಆಯ್ತು ಇವ್ಳಿಗೆ” ಎಂದು ಅಪ್ಪನಿಗೆ ಹೇಳಿದರು. ಅಪ್ಪ ಹೌದೆಂದು ನಕ್ಕರು.

ಅಡುಗೆ ಅತ್ತೆಯದು. ಅತ್ತೆ ಹಂದಿ ತಿನ್ನುತ್ತಿರಲಿಲ್ಲ, ಮುಟ್ಟಿ ಬೇಯಿಸುವುದು ಮಾತ್ರ ಅವರ ಪಾಲಿಗೆ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಬೇರೆಯದೇ ಪಾತ್ರೆಯಲ್ಲಿ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ ಬೇಯಿಸುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ ಹಾಕುತ್ತಿದ್ದರು. ನೆಣ ಕರಗಿ ಸಾರಿನ ಮೇಲೆ ತೇಲಿದಾಗ ಬರುವ ಆ ವಾಸನೆಗೆ ನಾನು ಪುಸ್ತಕ ಬಿಟ್ಟು ಎದ್ದು ಹೋಗುತ್ತಿದ್ದೆ. ತಿಂದೇ ನೋಡದವರು ಇಷ್ಟು ಚೆನ್ನಾಗಿ ಉಪ್ಪು ಹಾಕುವುದು ಹೇಗೆ ಎಂದು ಈಗಲೂ ಆಶ್ಚರ್ಯ. ಮಾವ ಮೊದಲ ತುತ್ತಿಗೇ “ಏನ್ ಬೇಸಿದ್ದೀಯೆ ಇದ್ನ, ಚಪ್ಲಿ ಇದ್ದಂಗೈತೆ” ಎನ್ನುತ್ತಿದ್ದರು, ಆಮೇಲೆ ಪಾತ್ರೆ ಖಾಲಿ ಮಾಡುತ್ತಿದ್ದರು. ಹೊಗಳಿದ್ದನ್ನು ನಾನು ಕೇಳಿಲ್ಲ.

ತಾವು ಮಾತ್ರ ಹೊಗಳಿಸಿಕೊಳ್ಳಬೇಕು. ಮರುದಿನ ಶಿಫ್ಟು ಮುಗಿಸಿ ಬಂದವರು ಪಾಲು ಹೋದ ಮನೆಗಳ ಮುಂದೆ ನಿಂತು “ಎಂಗಿತ್ತು?” ಎಂದು ಕೇಳುತ್ತಿದ್ದರು. ಸಕ್ಕತ್ತಾಗಿತ್ತು ಎಂದರೆ ತಲೆಯಾಡಿಸಿ ಮುಂದಿನ ಮನೆಗೆ. ಪರವಾಗಿಲ್ಲ ಎಂದು ಯಾರಾದರೂ ಬಾಯಿತಪ್ಪಿ ಹೇಳಿದರೆ ಆ ಮನೆಯ ಮುಂದೆ ಮಾತಾಡದೆ ತಲೆ ತಗ್ಗಿಸಿ ಹೋಗುವುದು ಎಷ್ಟು ದಿನವೋ.

ನನ್ನ ಬಾಣಂತನದಲ್ಲಿ ನನಗೆ ಎದೆಹಾಲು ಕಡಿಮೆ ಎಂದು ಅತ್ತೆಯ ಬಾಯಲ್ಲಿ ಕೇಳಿ ಕೌಜುಗ ಹಿಡಿದು ತಂದಿದ್ದರು. ಬಾಗಿಲಲ್ಲೇ ನಿಂತು, “ಸಾರ್ ಮಾಡಿ ಕುಡ್ಯಕ್ಕೇಳು ಅವ್ಳಿಗೆ. ಆ ಪೌಡ್ರು ಡಬ್ಬಿ ಎಲ್ಲ ತಂದೀರ ಮನೆಗೆ, ತಲೆ ಕೆಟ್ಟೈತ” ಎಂದು ಅಮ್ಮನಿಗೆ ಬೈದು, ಮಗುವನ್ನು ನೋಡದೆ ಹೋದರು. ಅವರು ಬೈಯದೆ ಏನನ್ನಾದರೂ ಕೊಟ್ಟ ನೆನಪು ನನಗಿಲ್ಲ.

ನಾನು ಒಂದು ಔಷಧ ಕಂಪನಿಯ ರಿಸೆಪ್ಶನ್ನಿನಲ್ಲಿ ಕೂರುತ್ತೇನೆ. ಆ ಕಂಪನಿ ನಮ್ಮೂರ ಹೊಲಗಳ ಮೇಲೇ ಎದ್ದಿದೆ. ಅದರ ಹಿಂಭಾಗದಲ್ಲಿ, ಮುಂದೆ ಕಟ್ಟಡ ಬೆಳೆಸಲೆಂದು ಖಾಲಿ ಬಿಟ್ಟು ತಂತಿ ಬೇಲಿ ಹಾಕಿರುವ ಜಾಗ ಒಂದು ಕಾಲಕ್ಕೆ ನಮ್ಮಪ್ಪನ ಹೊಲ. ಅಪ್ಪ ಅದನ್ನು ಮಾರಿ ಸಾಲುಸಾಲು ಬಾಡಿಗೆ ಮನೆ ಕಟ್ಟಿಸಿದರು, ಗೃಹಪ್ರವೇಶಕ್ಕೆ ಮಾವನೇ ಮುಂದೆ ನಿಂತು ಓಡಾಡಿದ್ದರು. ಇಬ್ಬರೂ ಚಿಕ್ಕಂದಿನಿಂದ ಜೊತೆ. ಬೇಟೆಯಲ್ಲಿ ಮಾವ ಬಲೆಯ ಹತ್ತಿರ ನಿಂತರೆ ಈಟಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದದ್ದು ಅಪ್ಪ.

ಹೊಸೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಒಂದು ಭಾನುವಾರ ದೊಡ್ಡ ಹಂದಿಯೊಂದು ಬಲೆ ಹರಿದುಕೊಂಡು ನುಗ್ಗಿ, ಕಂಪನಿಯ ತಂತಿ ಬೇಲಿಯ ಕೆಳಗೆ ತೂರಿ, ಆ ಖಾಲಿ ಜಾಗದಲ್ಲಿ ನಾಯಿಗಳಿಗೆ ಸಿಕ್ಕಿ ಅಪ್ಪನ ಈಟಿಗೆ ಬಿತ್ತು. ಬೇಲಿಯಿಂದ ಎಳೆದುಕೊಂಡು ಬಂದರು. ಹೊಂಗೆ ಮರದ ಕೆಳಗೆ ಗುಡ್ಡೆ ಹಾಕುವಾಗ ನಾನು ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ.

ಮಾವ ಒಂದು ಹಿಂಗಾಲನ್ನು ಪಕ್ಕಕ್ಕೆ ತೆಗೆದಿಟ್ಟರು. ಅಪ್ಪ ಕೈ ಚಾಚಿದರು. “ಅದು ನಂದು. ನನ್ ಹೊಲ್ದಾಗೇ ಬಿದ್ದಿದ್ದು.”

“ನಿನ್ ಹೊಲ ಎಲ್ಲೈತೆ? ಬರ್ಕೊಟ್ಟಿದ್ದೀಯಲ್ಲ.”

“ಬರ್ಕೊಟ್ರೇನು, ನಮ್ ತಾತನ ಕಾಲದ್ ಹೊಲ ಅಲ್ವಾ ಅದು? ಊರಿಗೇ ಗೊತ್ತು.”

“ಗೊತ್ತಿದ್ರೆ? ಬರ್ಕೊಟ್ಮೇಲೆ ಹೊಲ ಕಂಪ್ನೀದು. ಕಾಲೂ ಕಂಪ್ನೀದೆ.”

ಎಲ್ಲರೂ ನಕ್ಕರು. ಒಬ್ಬ, “ಅಣ್ಣೋ, ಕಂಪ್ನಿಗೇನು ಬಾಯೈತಾ ತಿನ್ನಕ್ಕೆ?” ಎಂದ. ಮಾವ ನಗಲಿಲ್ಲ. ಈ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. ಅಪ್ಪ ತಮಗೆ ಬಂದ ತಲೆಯನ್ನೂ ಗುಡ್ಡೆಯನ್ನೂ ಅಲ್ಲೇ ಬಿಟ್ಟು ಎದ್ದು ಹೋದರು. ಅಮ್ಮ ಆಮೇಲೆ ಸದ್ದಿಲ್ಲದೆ ಹೋಗಿ ತಂದರು, ಅಪ್ಪ ಸದ್ದಿಲ್ಲದೆ ತಿಂದರು.

ಸೋಮವಾರ ಬೆಳಿಗ್ಗೆ ಕಂಪನಿಯ ಗಾಜಿನ ಬಾಗಿಲಾಚೆ ಮಾವ ನಿಂತಿದ್ದರು. ಮದುವೆಗಳಿಗೆ ಹಾಕುವ ಬಿಳಿ ಅಂಗಿ. ತಲೆಗೆ ಎಣ್ಣೆ. ಮೊಪೆಡ್ಡಿನ ಮುಂದೆ ಸಿಮೆಂಟ್ ಚೀಲ. ಗೇಟಿನ ಒಡಿಶಾದ ಸೆಕ್ಯುರಿಟಿಗೆ ಏನು ಹೇಳಿದರೋ, ಯಾವ ಭಾಷೆಯಲ್ಲಿ ಹೇಳಿದರೋ, ಒಳಗಂತೂ ಬಂದಿದ್ದರು.

“ಯಜಮಾನ್ರು ಅವ್ರಾ ಅಮ್ಮಣ್ಣಿ?”

“ಯಾವ ಯಜಮಾನ್ರು ಮಾವ? ಏನದು ಚೀಲ?”

“ಕಂಪ್ನಿ ಪಾಲು.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಮಾವ, ದಮ್ಮಯ್ಯ, ವಾಪಸ್ ತಗೊಂಡೋಗಿ. ಇದು ಕೇಸಾಗತ್ತೆ. ಇಲ್ಲಿ ಯಾರಿಗೂ ಇದೆಲ್ಲ ಗೊತ್ತಾಗಲ್ಲ.”

“ಗೊತ್ತಾಗಲ್ಲ ಅಂತಾನೇ ಬಂದಿರೋದು. ನಾವು ಏಳ್ಬೇಕು. ನೀನ್ ಸುಮ್ಕಿರು.”

ಅಷ್ಟರಲ್ಲಿ ಅಡ್ಮಿನ್ ಮ್ಯಾನೇಜರ್ ಲಿಫ್ಟಿನಿಂದ ಇಳಿದರು. ಹೊಸಬರು, ಕನ್ನಡ ಅಷ್ಟಕ್ಕಷ್ಟೆ, ಆದರೆ ನಗುಮೊಗದ ಮನುಷ್ಯ. ಮಾವ ನೇರ ಅವರ ಮುಂದೆ ಹೋಗಿ ಚೀಲ ಬಿಚ್ಚಿ, ಬಾಳೆ ಎಲೆಯಲ್ಲಿ ಸುತ್ತಿದ್ದ ಕಾಲನ್ನು ಹೊರತೆಗೆದು, ಎರಡೂ ಕೈಯಲ್ಲಿ ಚಾಚಿದರು.

“ನೆನ್ನೆ ನಿಮ್ ಜಾಗ್ದಾಗೆ ಹಂದಿ ಬಿತ್ತು ಸಾರ್. ಕಾಡಂದಿ. ಇದು ನಿಮ್ದು.”

ಮ್ಯಾನೇಜರ್ ನನ್ನ ಮುಖ ನೋಡಿದರು. ಅವರೇ ಅರ್ಥ ಮಾಡಿಕೊಂಡು, “ವಾವ್! ವೈಲ್ಡ್ ಬೋರ್? ಅಂಕಲ್, ಸ್ವಲ್ಪ ಮೇಲೆ ಹಿಡೀರಿ, ಹಾಂ, ಹಾಗೇ” ಎಂದು ಮೊಬೈಲ್ ತೆಗೆದರು. ಮಾವ ಕಾಲನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದು ನೆಟ್ಟಗೆ ನಿಂತರು. ಅಂಗಿಯ ಕಾಲರನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡರು. ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದರು. ಪಾಲು ಕೊಟ್ಟು, ಮೊಪೆಡ್ ಹತ್ತಿ, ನನ್ನ ಕಡೆ ಒಮ್ಮೆ ‘ನೋಡಿದ್ಯಾ’ ಎನ್ನುವ ಹಾಗೆ ನೋಡಿ ಹೋದರು.

ಮ್ಯಾನೇಜರ್ ಕೆಟ್ಟವರೇನಲ್ಲ. ತಮಾಷೆ ಎಂದು ಫೋಟೊವನ್ನು ಕಂಪನಿಯ ಗ್ರೂಪಿಗೆ ಹಾಕಿದರು. ಮೇಲಿನವರು ನೋಡಿದರು. ಕಂಪನಿಯ ಜಾಗದಲ್ಲಿ ಬೇಟೆ ನಡೆದಿದೆ ಎಂದರೆ ಕಂಪನಿಗೇ ಸುತ್ತಿಕೊಳ್ಳುತ್ತದೆ ಎಂದು ಯಾರೋ ಹೆದರಿಸಿದರು. ತಾವೇ ಮೊದಲು ಹೇಳಿಬಿಟ್ಟರೆ ತಮ್ಮ ಮೇಲೆ ಬರುವುದಿಲ್ಲ ಎಂದು ಅವರೇ ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಅದೇ ದಿನ ಮಾವ ಸೆಕೆಂಡ್ ಶಿಫ್ಟಿಗೆ ಊಟದ ಡಬ್ಬಿ ಹಿಡಿದು ಹೊರಡುವ ಹೊತ್ತಿಗೆ ಮನೆಯ ಮುಂದೆ ಜೀಪು ನಿಂತಿತ್ತು. ಬಲೆ ತೆಗೆದುಕೊಂಡರು, ಮಚ್ಚು ತೆಗೆದುಕೊಂಡರು, ಹಿತ್ತಿಲ ಒಲೆಯ ಮೇಲಿದ್ದ ಪಾತ್ರೆಯನ್ನೂ ಸಾರಿನ ಸಮೇತ ತೆಗೆದುಕೊಂಡರು, ಮಾವನನ್ನೂ ಜೀಪಿಗೆ ಹತ್ತಿಸಿಕೊಂಡರು. ಕಂಪನಿಯಲ್ಲಿದ್ದ ಕಾಲನ್ನು ಅಳೆದು ನೋಡಿ ಡೀಸೆಲ್ ಸುರಿದು ಹೂತರು. ಮರುದಿನ ಅತ್ತೆಯನ್ನು ಕರೆದುಕೊಂಡು ನಾನು ಅವರನ್ನು ನೋಡಲು ಇಲಾಖೆಯ ಕಚೇರಿಗೆ ಹೋದಾಗ ಅವರು ಮೊದಲು ಹೇಳಿದ್ದು ಅದನ್ನೇ. “ತಿನ್ನೋ ಪದಾರ್ಥಕ್ಕೆ ಡೀಸೆಲ್ ಉಯ್ದ್ರಲ್ಲ ಅಮ್ಮಣ್ಣಿ.”

ಆದರೆ ನಿಜವಾದ ಪೆಟ್ಟು ಇನ್ನೊಂದಿತ್ತು. ಅತ್ತೆಯ ತಮ್ಮ ಹಿಡಿದು ತಂದ ವಕೀಲರು ನಮ್ಮನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ಹಂದಿ ಹೊಡೆದದ್ದು ಒಂದು ತಪ್ಪು, ಅದನ್ನು ಹೇಗೋ ನೋಡಿಕೊಳ್ಳಬಹುದು. ಈಗ ಅವರ ಮೇಲೆ ಬಂದಿರುವುದು ಕಾಡುಪ್ರಾಣಿ ಕೊಂದು ಕಂಪನಿಯವರಿಗೆ ಮಾಂಸ ಮಾರಲು ಬಂದಿದ್ದರು ಎಂದು. “ಅದು ಮಾರಾಟ ಅಲ್ಲ, ಊರಲ್ಲಿ ಹಂಚ್ಕೊಳ್ಳೋ ಪದ್ಧತಿ ಅಂತ ಪಾಲು ತಗೊಂಡ ಮನೆಯವರು ನಾಲ್ಕು ಜನ ಬಂದು ಹೇಳ್ಲಿ. ರಾಗಿಗೆ ಬಿದ್ದಿದ್ದ ಹಂದೀನ ಊರವರೆಲ್ಲ ಸೇರಿ ಅಟ್ಟಿದ್ವಿ ಅನ್ಲಿ. ಹಗುರಾಗುತ್ತೆ. ಇಲ್ಲಾಂದ್ರೆ ಇವರೊಬ್ಬರೇ ಮಾಂಸದ ದಂಧೆ ಮಾಡೋರು ಅಂತ ಕೂತ್ಬಿಡುತ್ತೆ.”

ಮಾರುವುದು! ಒಂದು ತುಂಡನ್ನೂ ಯಾರಿಗೂ ಕಾಸಿಗೆ ಕೊಡದ ಮನುಷ್ಯ. ಎಲೆಕ್ಟ್ರಾನಿಕ್ ಸಿಟಿಯಿಂದ ಕಾರಿನಲ್ಲಿ ಬಂದು, ಕೇಳಿದಷ್ಟು ಕೊಡುತ್ತೇವೆ ಅಂಕಲ್ ಎಂದವರನ್ನು ನಾಯಿ ಛೂ ಬಿಟ್ಟು ಓಡಿಸಿದ್ದು ನಾನೇ ನೋಡಿದ್ದೇನೆ. ನಾನು ಕಂಪನಿಗೆ ಹೋಗಿ ಮ್ಯಾನೇಜರಿಗೆ ಹೇಳಿದೆ, ಅವರು ಮಾರಲು ಬಂದಿರಲಿಲ್ಲ ಸಾರ್, ನಿಮ್ಮ ಪಾಲು ನಿಮಗೆ ಕೊಡಲು ಬಂದಿದ್ದರು ಎಂದು. ಅವರು ಬೇಸರದಿಂದಲೇ, “ಸುಮ್ನೆ ಯಾರು ಕೊಡ್ತಾರೆ ಮೇಡಂ?” ಎಂದರು. ಅರಣ್ಯ ಇಲಾಖೆಯ ಅಧಿಕಾರಿಯ ಮುಂದೆ ನಿಂತು, ನಮ್ಮ ಮನೆಗೂ ಪಾಲು ಬಂದಿತ್ತು, ನಾನೂ ತಿಂದಿದ್ದೇನೆ ಎಂದೆ. ಅವರು ಪೆನ್ನು ಎತ್ತಲೇ ಇಲ್ಲ. “ನೀವು ಅವರ ಕಡೆಯವರು. ಪಾಲು ತಗೊಂಡ ಗಂಡಸರನ್ನ ಕಳ್ಸಿ” ಎಂದರು. ಆಮೇಲೆ ಮಾವನ ಕಡೆ ತಿರುಗಿ, “ಯಾರ್ಯಾರಿಗೆ ಕೊಟ್ಟೆ, ಹೆಸರು ಹೇಳಯ್ಯ. ನಾವೇ ಕರೆಸ್ತೀವಿ” ಎಂದರು.

ಮಾವನ ಕೆಲಸವೇ ಹೆಸರು ಕೂಗುವುದು. ಅಂದು ಬಾಯಿ ಬಿಡಲಿಲ್ಲ. ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ ಮೇಲೆ ನಾನು ರೇಗಿದೆ. “ಹೇಳ್ಬಾರ್ದಾ ಮಾವ?”

“ನಾನ್ ಯಾಕ್ ಏಳ್ಲಿ? ಅವ್ರೇ ಬತ್ತಾರೆ. ತಿಂದವ್ರಲ್ಲ. ನಿಮ್ಮಪ್ಪ ಮುಂದಾಗಿ ಕರ್ಕೊಂಬತ್ತಾನೆ, ನೋಡ್ತಿರು.”

ಆ ಮಾತನ್ನು ಅವರು ಎಷ್ಟು ನಂಬಿದ್ದರು ಎಂದರೆ, ಪರಪ್ಪನ ಅಗ್ರಹಾರದ ಜೈಲಿಗೆ ಕರೆದುಕೊಂಡು ಹೋಗುವ ವ್ಯಾನು ಬಂದಾಗಲೂ ರಸ್ತೆಯ ಕಡೆಗೇ ನೋಡುತ್ತಿದ್ದರು.

ನಾನು ಮನೆಮನೆಗೆ ಹೋದೆ. ಒಬ್ಬರ ಮಗನಿಗೆ ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆ ಬಾಕಿ ಇತ್ತು. ಒಬ್ಬರು ಪಂಚಾಯಿತಿ ಚುನಾವಣೆಗೆ ನಿಲ್ಲುವವರು. ಇನ್ನೊಬ್ಬರು ಮಾಲೆ ಹಾಕಿದ್ದರು, ಈ ಸಮಯದಲ್ಲಿ ಹಂದಿಯ ಮಾತೂ ಆಡಬಾರದು ಎಂದು ಕಿವಿ ಮುಟ್ಟಿಕೊಂಡರು. ಮಾಲೆಯನ್ನು ಮಂಗಳವಾರ ಹಾಕಿದ್ದರು, ಭಾನುವಾರ ಅವರ ಮನೆಗೆ ಹೋದ ಗುಡ್ಡೆಯಲ್ಲಿ ನೆಣ ಹೆಚ್ಚಿತ್ತು ಎಂದು ಅವರ ಹೆಂಡತಿಯೇ ನನಗೆ ಹೇಳಿದ್ದರು. ಮಾವ ಬೈದು ಬೈದು ಕೊಟ್ಟಿದ್ದನ್ನು ನಕ್ಕು ನಕ್ಕು ತಿಂದ ಜನ, ಈಗ ಒಂದೇ ರಾಗದಲ್ಲಿ, “ಕಂಪ್ನಿಗೆ ತಗೊಂಡೋಗು ಅಂತ ನಾವೇಳಿದ್ವಾ?” ಎಂದರು.

ಅಪ್ಪ ಟಿವಿಯ ಮುಂದೆ ಕೂತಿದ್ದರು. ನಾನು ಬೇಡಿಕೊಂಡೆ, ಕೂಗಾಡಿದೆ, ಕಣ್ಣೀರಿಟ್ಟೆ. ಅಪ್ಪ ಹೇಳಿದ್ದು ಇಷ್ಟೇ. “ನಂಗ್ ಕೊಟ್ಟಿದ್ರೆ ಮುಗ್ದೋಗ್ತಿತ್ತು. ಮೆರ್ಯಕ್ಕೋದ. ಅನುಭವಿಸ್ಲಿ.” ಇಲಾಖೆಯವರು ವಿಚಾರಿಸಲು ಊರಿಗೆ ಬಂದ ದಿನ ಅಪ್ಪ ಜಗಲಿಯ ಮೇಲೆ ನಿಂತು, ನಮ್ಮದು ದೇವಸ್ಥಾನದ ಟ್ರಸ್ಟಿನಲ್ಲಿರುವ ಮನೆ, ಹಂದಿ ಮುಟ್ಟುವವರಲ್ಲ ಎಂದರು. ಒಳಗೆ ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆ ದಿನದಿಂದ ಅಪ್ಪನ ಮೇಲೆ ನನಗಿದ್ದ ಗೌರವ ಹೋಯಿತು, ವಾಪಸ್ಸು ಬಂದಿಲ್ಲ.

ಬಂದವನು ಮುನಿಯಪ್ಪ ಒಬ್ಬ. ಯಾರೂ ಕರೆಯದೆ, ಗಾರೆ ಕೆಲಸ ಬಿಟ್ಟು, ಮಾವನನ್ನು ಕೋರ್ಟಿಗೆ ಹಾಜರುಪಡಿಸುವ ದಿನ ತಿಳಿದುಕೊಂಡು ಬಂದಿದ್ದ. ಅಲ್ಲಿಗೆ ಬಂದಿದ್ದ ಅರಣ್ಯ ಅಧಿಕಾರಿಯ ಮುಂದೆ ನಿಂತು, “ಬಲೆ ಹೊತ್ತಿದ್ದು ನಾನು ಸಾಮಿ. ನಂಗೂ ಪಾಲು ಕೊಟ್ಟವ್ರೆ. ಮಾರಿಲ್ಲ” ಎಂದ. ಅಧಿಕಾರಿ ಮಾವನನ್ನು ಕೇಳಿದರು, ಇವನು ನಿಮ್ಮ ಜೊತೆಯವನಾ ಎಂದು.

ಮಾವ ಮುನಿಯಪ್ಪನನ್ನು ನೋಡಿದರು. “ಇಲ್ಲ ಸಾರ್. ಇವ್ನು ನಮ್ ಜೊತೆ ಯಾವತ್ತೂ ಕುಂತು ತಿಂದೋನಲ್ಲ. ಕಳ್ಸಿ.”

ಅವನೂ ಕೇಸಿಗೆ ಸಿಕ್ಕಿಕೊಳ್ಳಬಾರದು ಎಂದು ಹಾಗೆ ಹೇಳಿದರೋ, ಊರಿನ ದೊಡ್ಡ ಮನೆಗಳು ಬರದೆ ಕಾಲೊನಿಯವನ ಮಾತಿನಿಂದ ಬಿಡಿಸಿಕೊಳ್ಳುವುದೇ ಎಂಬ ಜಂಭದಿಂದ ಹೇಳಿದರೋ, ನನಗೆ ಗೊತ್ತಿಲ್ಲ. ಎರಡೂ ಇದ್ದಿರಬಹುದು. ಎರಡನೆಯದು ಇದ್ದೇ ಇತ್ತು ಎಂದು ನಾನು ಆಣೆ ಮಾಡಬಲ್ಲೆ. ಮುನಿಯಪ್ಪ ಹೊರಗೆ ಬಂದು ಮೋರಿಯ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. “ನಿಜ್ವೇ ಯೋಳ್ದ ಕಣವ್ವ ಯಜಮಾನ” ಎಂದ.

ಮಾವ ಜಾಮೀನಿನ ಮೇಲೆ ಬಂದರು. ಕೇಸು ವರ್ಷಗಟ್ಟಲೆ ಎಳೆಯಿತು. ಕೊನೆಗೆ ದಂಡ ಕಟ್ಟಿ ಕೈ ತೊಳೆದುಕೊಂಡರು, ಆದರೆ ಮಾರಲು ಹೋಗಿದ್ದರು ಎನ್ನುವ ಮಾತು ಅವರ ಹೆಸರಿಗೆ ಅಂಟಿದ್ದು ಅಂಟಿಕೊಂಡೇ ಉಳಿಯಿತು. ಕಾರ್ಖಾನೆಯ ಕೆಲಸ ಹೋಗಿತ್ತು. ನಾಯಿಗಳನ್ನು ಯಾರಿಗೋ ಕೊಟ್ಟರು. ಜಗಲಿಯ ಮೇಲೆ ಕೂತಿರುತ್ತಿದ್ದರು. ಹಳ್ಳದ ಪಕ್ಕ ಲೇಔಟು ಬಂದ ಮೇಲೆ ಹಂದಿಗಳು ಕಸದ ರಾಶಿಗೆ ಅಭ್ಯಾಸವಾಗಿ ಸಂಜೆ ಹೊತ್ತಿಗೇ ಮನೆಯ ಹಿಂದೆ ಮರಿಗಳ ಸಮೇತ ಬರುತ್ತಿದ್ದವು. ಅವರು ಒಂದು ಕಲ್ಲನ್ನೂ ಎತ್ತುತ್ತಿರಲಿಲ್ಲ. ಒಮ್ಮೆ, ಹೊರಗೆ ಕೆಲಸದಲ್ಲಿದ್ದ ಮಾವನ ಮಗ ಊರಿಗೆ ಬಂದಾಗ, ತನ್ನಪ್ಪನಿಗೆ ಇಷ್ಟ ಎಂದು ಮೊಬೈಲಿನಲ್ಲಿ ಆರ್ಡರ್ ಮಾಡಿ ಹಂದಿ ಹುರಿದದ್ದನ್ನು ತರಿಸಿದ. ಬೈಕಿನ ಹುಡುಗ ಪ್ಯಾಕೆಟ್ ಕೊಟ್ಟು ಹೋದ. ಮಾವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, “ಇದು ಯಾರ್ ಹೊಲ್ದಾಗೆ ಬಿದ್ದಿದ್ದು?” ಎಂದು ಕೇಳಿದರು. ಮಗ ನಕ್ಕ. ಅವರು ನಿಜವಾಗಿಯೇ ಕೇಳಿದ್ದರು. ಅವರು ಅದನ್ನು ತಿನ್ನಲಿಲ್ಲ.

ನಮ್ಮಪ್ಪನ ಹೆಸರನ್ನು ಮಾವ ಎತ್ತಲಿಲ್ಲ. ಅಷ್ಟು ಬೈಗುಳ ಬರುತ್ತಿದ್ದ ಬಾಯಿಂದ ಅಪ್ಪನಿಗೆ ಒಂದು ಬೈಗುಳವೂ ಬರಲಿಲ್ಲ. ಬೈದಿದ್ದರೆ ಅಪ್ಪನಿಗೆ ಎಷ್ಟೋ ಸುಲಭವಾಗುತ್ತಿತ್ತು. ಎದುರುಬದುರು ಮನೆಯಾಗಿದ್ದುಕೊಂಡು ಅಪ್ಪ ಹಿಂದಿನ ಬಾಗಿಲಿನಿಂದ ಓಡಾಡುವುದನ್ನು ಕಲಿತರು. ಮಾವ ಸತ್ತ ಮೇಲೆ ಮುಂದಿನ ಬಾಗಿಲಿಗೆ ಬಂದರು.

ತಿಥಿಯ ಊಟಕ್ಕೆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮಗ ಎಲ್ಲವನ್ನೂ ಕೇಟರಿಂಗ್‌ನವರಿಗೆ ವಹಿಸಿದ್ದ. ಕೋಸಂಬರಿ, ಪಲ್ಯ, ಪಾಯಸ. ಮುನಿಯಪ್ಪ ಬಂದು ಬೈಕುಗಳ ಹತ್ತಿರ ನಿಂತಿದ್ದ. ಒಳಗೆ ಬಾ ಎಂದು ಕರೆದೆ, “ಆಮೇಲ್ ಬತ್ತೀನಿ ಬುಡವ್ವ” ಎಂದ. ಮೊದಲ ಪಂಕ್ತಿಯ ಮೊದಲ ಎಲೆಗೆ ಅಪ್ಪ ಕೂತಿದ್ದರು. ಸುತ್ತ ಹಳೆಯ ಗುಡ್ಡೆಯ ಮನೆಗಳವರು. ಮಾವನ ಬೇಟೆಯ ಕಥೆಗಳು ಎದ್ದವು, ಹಂದಿಗಳು ಎಲೆಯಿಂದ ಎಲೆಗೆ ದೊಡ್ಡದಾಗುತ್ತಾ ಹೋದವು. ಈಗ ಎಲ್ಲರೂ ತಿಂದವರೇ. ಮಗನ ಕಡೆಯ ನೆಂಟರೊಬ್ಬರು, ಹೊರಗಿನವರು, ಏನೋ ಕೇಸಾಗಿತ್ತಂತಲ್ಲ ಎಂದು ಕೇಳಿದರು.

ಅಪ್ಪ ಪಾಯಸದ ಕೈಯನ್ನು ಹಾಗೇ ಎತ್ತಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಆಗಿತ್ತು. ಮಾಂಸ ಮಾರ್ತಾನೆ ಅಂತ ಹಿಡ್ಕಂಡೋದ್ರು. ನಾವ್ ಬುಟ್ವಾ? ಊರಿಗೂರೇ ಅವನ್ ಬೆನ್ನಿಗೆ ನಿಂತ್ಕೊಂಡ್ವಿ. ಮಾರೋನಲ್ಲ ಸಾರ್, ಹಂಚೋನು ಅಂತ ನಾವೇ ಹೋಗಿ ಹೇಳಿದ್ವಿ.” ಪಕ್ಕದ ಎಲೆಯವರು ತಲೆಯಾಡಿಸಿದರು. ಮಾಲೆ ಹಾಕಿದ್ದವರೂ ಆಡಿಸಿದರು.

ನಾನು ಬಾಯಿ ತೆರೆಯುವ ಮೊದಲು ಅತ್ತೆ ಬಾಗಿಲಿನಿಂದ ಹೊರಗೆ ಬಂದಿದ್ದರು. ಗಂಡನ ಕೂಗಿಗೆ ಓಗೊಡುವುದು ಬಿಟ್ಟರೆ ನಾಲ್ಕು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ನೋಡಿಲ್ಲ. ಮೆಲ್ಲಗೆ ಎಲೆಗಳ ನಡುವೆ ನಡೆದು ಬಂದು ಅಪ್ಪನ ಮುಂದೆ ನಿಂತರು.

“ಯಾವತ್ತ್ ಓದ್ರಿ ಅಣ್ಣಯ್ಯ?” ಎಂದರು. ದನಿಯಲ್ಲಿ ಜಗಳವಿರಲಿಲ್ಲ. “ಓಗೋವಾಗ ನಮ್ ಮನೆ ಮುಂದೇನೇ ಓಗ್ಬೇಕಲ್ಲ. ಬಂದ್ರೆ ಒಂದ್ ಲೋಟ ಕಾಫಿ ಕೊಟ್ಟು ಕಳ್ಸಾನ ಅಂತ ಒಲೆ ಮೇಲೆ ನೀರಿಟ್ಕಂಡು ಬಾಗ್ಲಾಗೇ ಕುಂತಿದ್ದೆ. ಅವತ್ತೂ ಕುಂತಿದ್ದೆ, ಆಮೇಲೂ ಕುಂತಿದ್ದೆ. ನಂಗ್ಯಾರೂ ಕಾಣ್ನಿಲ್ಲ.”

ಅಪ್ಪ ಎಲೆಯ ಅಂಚಿಗೆ ಹರಿದಿದ್ದ ಪಾಯಸವನ್ನು ಬೆರಳಿನಿಂದ ಒಳಕ್ಕೆ ಎಳೆದುಕೊಂಡರು. ಅತ್ತೆ ಬಡಿಸುವವನ ಕೈಯಿಂದ ಅನ್ನದ ಪಾತ್ರೆ ತೆಗೆದುಕೊಂಡು, “ಅನ್ನ ಹಾಕ್ಲಾ ಅಣ್ಣಯ್ಯ?” ಎಂದು ಕೇಳಿದರು.